ರಷ್ಯಾದ ಸೊಸೆಗೆ ಲೈಸೆನ್ಸ್ ಕೊಡಿಸಿದ್ದು

ಡ್ರೈವಿಂಗ್ ಸ್ಕೂಲ್ ಇಟ್ಟವರ ಹಣೆಯಲ್ಲಿ ಬಿಸಿ ಕಾಫಿ ಅಂತ ಬರೆದೇ ಇಲ್ಲ. ಲೋಟ ಬಾಯಿಗೆ ಬಂತು ಅನ್ನುವಾಗಲೇ ಯಾರೋ ಕಾರನ್ನು ಚರಂಡಿಗೆ ಇಳಿಸಿರುತ್ತಾರೆ, ಇಲ್ಲವೇ ಬಾಳೆಕಾಯಿ ಗಾಡಿಗೆ ಮುತ್ತು ಕೊಟ್ಟಿರುತ್ತಾರೆ. ನಾನೋ ಮೊದಲೇ ಕೂತಲ್ಲಿ ಕೂರದ ಜಾತಿ. ಕೊಯಮತ್ತೂರು ಪಕ್ಕದ ಸೋಮನೂರಿನಲ್ಲಿ, ತಮಿಳರ ನಡುವೆ ಕನ್ನಡ ಆಡುವ ನೇಕಾರರ ಬೀದಿಯಲ್ಲಿ ಹುಟ್ಟಿ, ಮಗ್ಗ ಬೇಡವೇ ಬೇಡ ಅಂತ ಹಠ ಹಿಡಿದು, ಹೆಂಗಸರಿಗೆ ಕಾರು ಕಲಿಸುವ ಸ್ಕೂಲು ಶುರು ಮಾಡಿದವಳು. ನಿದ್ದೆಯಲ್ಲೂ ಬಲಗಾಲು ಬ್ರೇಕ್ ಒತ್ತುತ್ತೆ. ನಮ್ಮ ಯಜಮಾನರು ಮಂಚದ ಆ ತುದಿಗೆ ಹೋಗಿ ಎಷ್ಟೋ ವರ್ಷವಾಯಿತು.

ಇಂಥ ನನ್ನ ಹತ್ತಿರ ರಷ್ಯಾದ ಸೊಸೆಯನ್ನು ಕರೆದುಕೊಂಡು ಬಂದರು. ನಮ್ಮ ಬೀದಿಯ ಹುಡುಗ ರಷ್ಯಾಕ್ಕೆ ಡಾಕ್ಟರಿಕೆ ಓದಲು ಹೋದವನು, ಅಲ್ಲೇ ಜೊತೆ ಸಿಕ್ಕಿದವಳನ್ನು ಮದುವೆಯಾಗಿ ಊರಿಗೆ ಬಂದ. ಅವನಿಗೆ ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಹಗಲೂ ರಾತ್ರಿ ಡ್ಯೂಟಿ. ಇವಳಿಗೆ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯವರು ಕೆಲಸ ಕೊಡುತ್ತೇವೆ ಅಂದರು. ರಷ್ಯನ್ ಮಾತಾಡುವ ಗಿರಾಕಿಗಳ ಜೊತೆ ವ್ಯವಹಾರ, ಹೊತ್ತುಗೊತ್ತಿಲ್ಲದ ಕೆಲಸ, ದೀಪಾವಳಿ ಮುಗಿದ ಕೂಡಲೇ ಬರಬೇಕು, ಹೋಗಿ ಬರುವುದು ನಿಮ್ಮದೇ ಪಾಡು. ಅವಳ ಮಾವ ಒಂದೇ ಮಾತಲ್ಲಿ ತೀರ್ಮಾನ ಮಾಡಿಬಿಟ್ಟರು: "ಲೈಸೆನ್ಸ್ ಬಂದರೆ ಕಂಪನಿ. ಬರದಿದ್ದರೆ ಮಗ್ಗ."

ಅವಳಿಗೆ ಅಲ್ಲಿ ಲೈಸೆನ್ಸ್ ಇತ್ತಂತೆ. ಮಂಜುಗಡ್ಡೆಯ ಮೇಲೆ ಓಡಿಸಿದವಳಂತೆ. ಅದಕ್ಕೇನು, ಸುಲಭ, ಅಂದುಕೊಂಡೆ ನೋಡಿ, ಅಲ್ಲೇ ನಾನು ಕೆಟ್ಟೆ.

೧. ಕಳ್ಳತನ

ಮೊದಲ ದಿನ. "ಹೋಗಮ್ಮಣಿ, ಡ್ರೈವರ್ ಸೀಟಲ್ಲಿ ಕೂತ್ಕೋ" ಅಂತ ಕೀ ಕೊಟ್ಟು ನಾನು ಶಟರ್ ಎಳೆಯುತ್ತಿದ್ದೆ. ಅವಳ ದೇಶದಲ್ಲಿ ಡ್ರೈವರ್ ಎಡಗಡೆ ಕೂರುವುದು. ಅಭ್ಯಾಸಬಲ, ಹೋಗಿ ಎಡಗಡೆ ಕೂತಳು. ಬೇರೆ ಕಾರಾಗಿದ್ದರೆ ಕೂತೊಡನೆ ಗೊತ್ತಾಗುತ್ತಿತ್ತು. ನಮ್ಮದು ಕಲಿಸುವ ಕಾರು, ಎಡಗಡೆ ನನಗೂ ಒಂದು ಕ್ಲಚ್ಚು, ಒಂದು ಬ್ರೇಕು ಇದೆ. ಕಾಲಿಗೆ ಎರಡೂ ಸಿಕ್ಕವು. ಕೈ ಚಾಚಿದಳು, ಬರೀ ಗಾಳಿ.

"ಅಕ್ಕಾ!" ಅಂತ ಕೂಗಿದಳು. "ಸ್ಟೀರಿಂಗ್ ಯಾರೋ ಕದ್ದುಬಿಟ್ರು!"

ಅವಳ ಕೂಗಿನ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಅವಳು ಕನ್ನಡ ಕಲಿತದ್ದು ಅತ್ತೆಯ ಪವರ್‌ಲೂಮ್ ಶೆಡ್ಡಿನಲ್ಲಿ. ಹತ್ತಾರು ಮಗ್ಗ ಒಟ್ಟಿಗೆ ಬಡಿದುಕೊಳ್ಳುವ ಜಾಗದಲ್ಲಿ ಯಾರೂ ಮೆಲ್ಲಗೆ ಮಾತಾಡಲ್ಲ. "ಊಟ ಆಯ್ತಾ" ಅನ್ನುವುದನ್ನೂ ಬೆಂಕಿ ಬಿದ್ದ ಹಾಗೆ ಕೂಗುತ್ತಾರೆ. ಕನ್ನಡ ಅಂದರೆ ಕೂಗುವ ಭಾಷೆ ಅಂತಲೇ ಅವಳು ತಿಳಿದಿದ್ದಳು, ಪಾಪ.

ಅಕ್ಕಪಕ್ಕದ ಶೆಡ್ಡಿನವರೆಲ್ಲ ಮಗ್ಗ ನಿಲ್ಲಿಸಿ ಓಡಿಬಂದರು. ಒಬ್ಬರು ಕಬ್ಬಿಣದ ರಾಡು ಬೇರೆ ಹಿಡಿದಿದ್ದರು. ನಾನು ಬಲಗಡೆ ಬಾಗಿಲು ತೆಗೆದು ಸ್ಟೀರಿಂಗ್ ತೋರಿಸಿದೆ. ರಾಡು ಹಿಡಿದವರಿಗೆ ಬಹಳ ಬೇಜಾರಾಯಿತು. "ಛೆ, ಕಳ್ಳ ಇಲ್ವಾ?" ಅಂತ ಮುಖ ಸಣ್ಣಗೆ ಮಾಡಿಕೊಂಡು ಹೋದರು.

೨. ಹಾರ್ನ್

ಓಡಿಸುವುದರಲ್ಲಿ ಹುಡುಗಿ ಗಟ್ಟಿಗಿತ್ತಿ. ಆದರೆ ಹಾರ್ನ್ ಮುಟ್ಟಲೊಲ್ಲಳು. ಅವರ ಊರಲ್ಲಿ ಹಾರ್ನ್ ಹೊಡೆದರೆ ಬೈದ ಹಾಗಂತೆ.

"ಇಲ್ಲಿ ಹಾಗಲ್ಲಮ್ಮಣಿ, ಇಲ್ಲಿ ಅದು ನಮಸ್ಕಾರ ಇದ್ದ ಹಾಗೆ. ನಾನು ಬಂದೆ, ಸ್ವಲ್ಪ ಸರ್ಕೊಳಪ್ಪಾ ಅಂತ."

"ತಪ್ಪು ಮಾಡದವರಿಗೆ ಯಾಕೆ ಹೊಡೀಬೇಕು ಅಕ್ಕಾ?"

ಮುಂದೆ ಒಬ್ಬರು ಮೊಪೆಡ್ಡಿನ ಮೇಲೆ ನೂಲಿನ ಮೂಟೆ ಹೇರಿಕೊಂಡು, ರಸ್ತೆಯ ನಡುಮಧ್ಯೆ ಮೆರವಣಿಗೆ ಹೊರಟಿದ್ದರು. ಇವಳು ಹಿಂದೆಯೇ ತೆವಳಿದಳು. ನನಗೆ ತಡೆಯಲಾಗಲಿಲ್ಲ. "ಹೊಡಿ ತಾಯಿ, ನಿನ್ನ ದಮ್ಮಯ್ಯ!" ಅಂದೆ. ಅವಳು ಯೋಚಿಸಿ ಗಾಜು ಇಳಿಸಿದಳು, ತಲೆ ಹೊರಗೆ ಹಾಕಿದಳು, ಶೆಡ್ಡಿನ ಗಂಟಲಲ್ಲಿ "ಅಣ್ಣಾ! ದಯವಿಟ್ಟು ಜರುಗಿ!" ಅಂದಳು.

ಮೊಪೆಡ್ಡು ಹೋಗಿ ಬೇಲಿಯೊಳಗೆ ನಿಂತಿತು. ಆ ಮನುಷ್ಯ ಮೂಟೆ ಹಿಡಿದುಕೊಂಡು ಎದ್ದು ಬಂದು, ನನಗೆ ಕೈ ಮುಗಿದು ತಮಿಳಲ್ಲಿ ಬೇಡಿಕೊಂಡ: "ಅಕ್ಕಾ, ಮುಂದಿನ ಸಲ ಹಾರ್ನೇ ಹೊಡೆಯೋಕೆ ಹೇಳಿ."

೩. ನಿಂತ ಕಾರು

ರಸ್ತೆ ದಾಟುವವರನ್ನು ಕಂಡರೆ ಅವಳು ಕಾರು ನಿಲ್ಲಿಸುತ್ತಿದ್ದಳು. ಬಿಳಿ ಪಟ್ಟೆ ಇದ್ದಲ್ಲಿ ಕಡ್ಡಾಯ. ನಮ್ಮೂರಲ್ಲಿ ಆ ಪಟ್ಟೆ ರಸ್ತೆಗೆ ಹಾಕಿದ ರಂಗೋಲಿ ಅಂತ ಎಲ್ಲರಿಗೂ ಗೊತ್ತು, ಅವಳೊಬ್ಬಳಿಗೆ ಗೊತ್ತಿಲ್ಲ.

ಒಬ್ಬ ಅಜ್ಜಿ ಸೊಪ್ಪಿನ ಬುಟ್ಟಿ ಹೊತ್ತು ಪಟ್ಟೆಯ ಹತ್ತಿರ ನಿಂತಿದ್ದರು. ಇವಳು ಬ್ರೇಕ್ ಹಾಕಿದಳು. ಅಜ್ಜಿ ಕಾರು ಹೋಗಲಿ ಅಂತ ಕಾದರು. ಇವಳು ಅಜ್ಜಿ ಹೋಗಲಿ ಅಂತ ಕಾದಳು. ಹಿಂದೆ ಲಾರಿ, ಬಸ್ಸು ಒಂದೇ ಸಮ ಹಾರ್ನ್ ಬಡಿದುಕೊಂಡವು, ನನ್ನ ರಕ್ತ ತಲೆಗೇರಿತು. ಇವಳು ನಗುತ್ತಾ "ಬನ್ನಿ, ಬನ್ನಿ" ಅಂತ ಕೈ ಆಡಿಸಿದಳು.

ಇಷ್ಟು ಮರ್ಯಾದೆಯಾಗಿ ಕರೆದ ಮೇಲೆ ಅಜ್ಜಿ ಬರದೇ ಇರುತ್ತಾರಾ? ಹಿಂದಿನ ಬಾಗಿಲು ತೆಗೆದು, ಮೊದಲು ಬುಟ್ಟಿ, ಆಮೇಲೆ ತಾವು, ಆರಾಮವಾಗಿ ಕೂತರು. "ನೀನು ಚೆನ್ನಾಗಿರಬೇಕು ಕಂದಾ. ಸಂತೆ ಹತ್ತಿರ ಇಳಿಸಿಬಿಡು" ಅಂದರು ತಮಿಳಲ್ಲಿ.

ಇಳಿಸಿದೆವು. ಮಾರನೇ ದಿನ ಅದೇ ಪಟ್ಟೆಯ ಹತ್ತಿರ ಅಜ್ಜಿ ನಿಂತಿದ್ದರು. ಜೊತೆಗೆ ಅವರ ತಂಗಿ, ನಾದಿನಿ, ಒಂದು ಮೇಕೆ.

೪. ಹಿಂದಿನ ಸೀಟು

ಇದೆಲ್ಲ ಆಗುವಾಗ ಹಿಂದಿನ ಸೀಟಲ್ಲಿ ಅತ್ತೆ ಇದ್ದೇ ಇರುತ್ತಿದ್ದರು. ಸೊಸೆ ಎಲ್ಲಿ ಹೋದರೂ ಜೊತೆಗೆ. ಹೊಡೆದು ಬಡಿಯುವ ಅತ್ತೆಯಲ್ಲ, ಅದಾಗಿದ್ದರೆ ಪೊಲೀಸಿಗೆ ಹೇಳಬಹುದಿತ್ತು. ಇದು ಪ್ರೀತಿ! ಪ್ರೀತಿಗೆ ಎಲ್ಲಿ ಕಂಪ್ಲೇಂಟ್ ಕೊಡುವುದು? ಗೇರು ಬದಲಿಸುವಾಗ ಹಿಂದಿನಿಂದ ಕೈ ಬಂದು ಬಾಯಿಗೆ ಚಕ್ಕುಲಿ ಇಡುತ್ತಿತ್ತು. ದಾರಿಯಲ್ಲಿ ನೆಂಟರ ಮನೆ ಕಂಡರೆ "ನಿಲ್ಸು, ನಿಲ್ಸು, ಚಿಕ್ಕಮ್ಮನ ಮನೆ!" ನಿಲ್ಲಿಸಬೇಕು, ಇಳಿಯಬೇಕು, ಕಾಫಿ ಕುಡಿಯಬೇಕು. ನೂರು ಅಡಿ ಹೋದರೆ ಚಿಕ್ಕಮ್ಮನ ಓರಗಿತ್ತಿಯ ಮನೆ. ನನಗೆ ಮೈಯೆಲ್ಲ ಇರುವೆ ಹರಿದ ಹಾಗಾಗುತ್ತಿತ್ತು.

ಒಂದು ದಿನ ಅತ್ತೆ ಕಾಫಿಗೆ ಕೂತಾಗ ಸೊಸೆ ಕಾರಿನ ಪಕ್ಕ ನನ್ನ ಕೈ ಹಿಡಿದುಕೊಂಡಳು. ಮೊದಲ ಸಲ ಮೆಲ್ಲಗೆ ಮಾತಾಡಿದಳು. "ಅಕ್ಕಾ, ಎಲ್ಲರೂ ನನ್ನ ತುಂಬಾ ಪ್ರೀತಿ ಮಾಡ್ತಾರೆ. ಈ ಊರಿಗೆ ಬಂದಾಗಿಂದ ನಾನು ಒಬ್ಬಳೇ ಇದ್ದದ್ದು ಬಚ್ಚಲಲ್ಲಿ ಮಾತ್ರ. ಅಲ್ಲೂ ಹೊರಗಿಂದ ನೀರು ಸಾಕಾ ಅಂತ ಕೇಳ್ತಾರೆ. ನಂಗೆ ಲೈಸೆನ್ಸ್ ಬೇಕು. ಹೋಗ್ತಾ ಒಬ್ಬಳೇ, ಬರ್ತಾ ಒಬ್ಬಳೇ."

ನನಗೆ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಇವಳಿಗೆ ಲೈಸೆನ್ಸ್ ಕೊಡಿಸದಿದ್ದರೆ ನನ್ನ ಸ್ಕೂಲಿನ ಬೋರ್ಡು ಇಳಿಸಿಬಿಡುತ್ತೇನೆ ಅಂದುಕೊಂಡೆ.

ಅಷ್ಟರಲ್ಲಿ ಅತ್ತೆ ಬಂದು "ಮುಂದಿನ ಮನೆ ನಮ್ಮ ಮಾವಂದು" ಅಂದರು. ಹೀಗಾಗಿ ಅವಳು ಬೇರೆ ಏನು ಕಲಿತಳೋ ಬಿಟ್ಟಳೋ, ಪಾರ್ಕಿಂಗ್ ಮಾತ್ರ ನನಗಿಂತ ಚೆನ್ನಾಗಿ ಕಲಿತಳು.

೫. ಟೆಸ್ಟು

ಟೆಸ್ಟು ಬಿದ್ದದ್ದು ದೀಪಾವಳಿಗೆ ಹತ್ತಿರ. ಫೇಲಾದರೆ ಮತ್ತೆ ಹಬ್ಬದ ಮುಂಚೆ ದಿನ ಸಿಗಲ್ಲ, ಕೆಲಸ ಹೋಯಿತು ಅಂತಲೇ ಲೆಕ್ಕ. ಅತ್ತೆ ಮೈದಾನಕ್ಕೂ ಬಂದರು, ಕಾರಿಗೆ ದೃಷ್ಟಿ ತೆಗೆದರು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು.

ಬ್ರೇಕ್ ಇನ್‌ಸ್ಪೆಕ್ಟರು ಫೋನಲ್ಲಿ ಯಾರನ್ನೋ ಬೈಯುತ್ತಲೇ ಬಂದು ಪಕ್ಕದಲ್ಲಿ ಕೂತರು. "ಎಡುಮ್ಮಾ" ಅಂದರು. ಹೊರಡಿಸು ಅಂತ.

ಸೊಸೆ ಹೊರಡಿಸಲಿಲ್ಲ. ಕೈ ಎರಡೂ ಮಡಿಲಲ್ಲಿಟ್ಟು, ಕಣ್ಣು ಮುಚ್ಚಿ ಕೂತುಬಿಟ್ಟಳು! ಮೈದಾನದ ಹಗ್ಗದ ಈಚೆ ನಿಂತ ನಾನು ಬರೀ ನೆಲದ ಮೇಲೆ ಕ್ಲಚ್ಚು ಒತ್ತಿದೆ. ಆಮೇಲೆ ಅವಳೇ ಹೇಳಿದ್ದು: ರಷ್ಯಾದಲ್ಲಿ ದೊಡ್ಡ ಪ್ರಯಾಣಕ್ಕೆ ಹೊರಡುವ ಮೊದಲು ಎಲ್ಲರೂ ಒಂದು ಗಳಿಗೆ ಮಾತಿಲ್ಲದೆ ಕೂರಬೇಕಂತೆ, ಆಗಲೇ ದಾರಿ ಒಳ್ಳೆಯದಾಗುವುದಂತೆ. ಮೈದಾನದ ಆ ತುದಿಗೆ ಹೋಗಿ ಬರುವುದು ಅವಳ ಪಾಲಿಗೆ ದೊಡ್ಡ ಪ್ರಯಾಣ.

"ಎನ್ನಮ್ಮಾ?" ಅಂದರು ಇನ್‌ಸ್ಪೆಕ್ಟರು.

"ಸರ್! ಸುಮ್ಮನೆ ಕೂತ್ಕೊಳ್ಳಿ!" ಅಂದಳು ಇವಳು, ಮಗ್ಗದ ದನಿಯಲ್ಲಿ.

ಅವರಿಗೆ ಕನ್ನಡ ಬರಲ್ಲ. ಆದರೂ ಫೋನು ಕೆಳಗಿಟ್ಟು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು. ಇದನ್ನು ನೋಡಿದ ಅತ್ತೆ, ಒಳಗೆ ಏನೋ ಪೂಜೆ ನಡೀತಿದೆ ಅಂತ ನೆಲದ ಮೇಲೆ ಕೂತು ಕೈ ಮುಗಿದರು. ಅತ್ತೆಯನ್ನು ನೋಡಿ ಸರತಿಯಲ್ಲಿ ನಿಂತವರೆಲ್ಲ ಒಬ್ಬೊಬ್ಬರಾಗಿ ಕೂತರು. ಇಡೀ ಮೈದಾನ ಗಪ್‌ಚಿಪ್. ನಾನೊಬ್ಬಳೇ ನಿಂತಿದ್ದೆ, ಕೂರಲು ನನ್ನಿಂದ ಎಲ್ಲಿ ಆಗುತ್ತೆ!

ಆಮೇಲೆ ಸೊಸೆ ಕಣ್ಣು ಬಿಟ್ಟು, ಕನ್ನಡಿ ನೋಡಿ, ನಿಂಬೆಹಣ್ಣು ಒಡೆದು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮುಂದೆ ಹೋಗಿ ಹಿಂದೆ ಬಂದಳು. ಇನ್‌ಸ್ಪೆಕ್ಟರು ಇಳಿದು "ಪಾಸ್" ಅಂದರು. "ಬಹಳ ದಿನವಾಗಿತ್ತು ಇಷ್ಟು ನೆಮ್ಮದಿಯಾಗಿ ಕೂತು" ಅಂತ ಒಂದು ಮಾತು ಬೇರೆ. ಆವತ್ತು ಅವಳ ನಂತರ ಟೆಸ್ಟಿಗೆ ಬಂದ ಗಂಡಸು ಹೆಂಗಸು ಎಲ್ಲರೂ ಮೊದಲು ಕಣ್ಣು ಮುಚ್ಚಿ ಕೂತರು, ಆಮೇಲೇ ಕೀ ತಿರುಗಿಸಿದರು. ಈಗಲೂ ಆ ಮೈದಾನದಲ್ಲಿ ಅದೇ ಪದ್ಧತಿ. ಯಾಕೆ ಅಂತ ಕೇಳಿದರೆ ಹಿಂದಿನ ಕಾಲದಿಂದ ಹೀಗೇ ಅನ್ನುತ್ತಾರೆ.

ನಾನು, ಅತ್ತೆ ಇಬ್ಬರೂ ಕಾರಿನ ಕಡೆ ಓಡಿದೆವು. ಸೊಸೆ ಗಾಜು ಇಳಿಸಿ "ಅಕ್ಕಾ, ಪಾಸಾ? ನಿಜವಾಗ್ಲೂ ಪಾಸಾ?" ಅಂದಳು. ಪಾಸು ಅಂದೆ. ನನ್ನನ್ನು ನೋಡಿದಳು. ಅತ್ತೆಯನ್ನು ನೋಡಿದಳು. ಖಾಲಿ ಹಿಂದಿನ ಸೀಟು ನೋಡಿದಳು. "ಮನೇಲಿ ಸಿಗೋಣ ಅತ್ತೇ!" ಅಂತ ಕೂಗಿ, ಗೇರು ಹಾಕಿ, ಗೇಟು ದಾಟಿ ಹೊರಟೇಹೋದಳು. ಅದೂ ನನ್ನ ಕಾರಲ್ಲಿ! ಲೈಸೆನ್ಸ್ ಕಾರ್ಡು ಅಂಚೆಯಲ್ಲಿ ಬರುವ ತನಕ ತಾಳಮ್ಮಾ ಅಂತ ಕೂಗಿದ್ದು ಧೂಳಿಗೆ ಕೇಳಿಸಿತು.

ಡ್ರೈವಿಂಗ್ ಸ್ಕೂಲಿನ ಯಜಮಾನತಿ ನಾನು ಅತ್ತೆಯ ಜೊತೆ ಬಸ್ಸಿಗೆ ನಿಂತೆ. ಬಸ್ಸಲ್ಲಿ ಕಾಲಿಡಲು ಜಾಗವಿಲ್ಲ. ಅತ್ತೆ ಅಳುತ್ತಾರೇನೋ ಅಂತ ನನಗೆ ಭಯ. ಅವರು ಕಂಬಿ ಹಿಡಿದು ಗಟ್ಟಿಯಾಗಿ ನಿಂತರು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ಇಡೀ ಬಸ್ಸಿಗೆ ಕೇಳುವ ಹಾಗೆ, "ನನ್ನ ಸೊಸೆ ಕಾರು ಓಡಿಸ್ತಾಳೆ!" ಅಂದರು.

ಪಕ್ಕದಲ್ಲಿ ನಿಂತ ಹೆಂಗಸು ಕೇಳಿದಳು, "ಸೊಸೆ ಕಾರು ಓಡಿಸ್ತಾಳೆ ಅಂತೀರಿ, ನೀವ್ಯಾಕೆ ಬಸ್ಸಲ್ಲಿ ನೇತಾಡ್ತಿದೀರಿ?"

"ಅವಳಿಗೆ ಕಾರು ಓಡಿಸೋಕೆ ಬಂತಲ್ಲಾ," ಅಂದರು ಅತ್ತೆ, "ಅದಕ್ಕೇ!"