ಬುಧವಾರಕ್ಕೆ ಬಂದ ಬೀಗರು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಗೋಕುಳ ಶಿರಗಾಂವದ ಒಂದು ಕಾರ್ಖಾನೆಯ ಕಚೇರಿಯಲ್ಲಿದ್ದೆ. ಅಲ್ಲಿಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಅದು ಯಾವ ದಿನವನ್ನೂ ನಮ್ಮಂತೆ ಬರೆದಿಡುತ್ತಿರಲಿಲ್ಲ. ೧೯೭೦ರ ಮೊದಲ ದಿನದಿಂದ ಎಷ್ಟು ಸೆಕೆಂಡು ಕಳೆದವೆಂದು ಒಂದು ಉದ್ದನೆಯ ಸಂಖ್ಯೆಯಾಗಿ ಇಡುತ್ತಿತ್ತು. ಆ ಸಂಖ್ಯೆಯನ್ನು ಮನುಷ್ಯರು ಓದುವ ತಾರೀಖಾಗಿಸುವ ಪ್ರೋಗ್ರಾಮನ್ನು ನಾನೇ ಬರೆದಿದ್ದೆ. ಆ ವಾರ ನನ್ನ ನಡಿಗೆಯೇ ಬೇರೆಯಾಗಿತ್ತು.

ಅದೇ ಹೊತ್ತಿಗೆ ಗಡಹಿಂಗ್ಲಜದಲ್ಲಿ ನನ್ನ ನಾದಿನಿ ಕಸ್ತೂರಿಯ ನಿಶ್ಚಿತಾರ್ಥ ಗೊತ್ತಾಯಿತು. ಆಮಂತ್ರಣವನ್ನು ಇಂಗ್ಲಿಷಿನಲ್ಲಿ, ಕಂಪ್ಯೂಟರಿನಲ್ಲೇ ಮುದ್ರಿಸಿಕೊಡುತ್ತೇನೆಂದು ಮಾವನಿಗೆ ಮಾತು ಕೊಟ್ಟೆ. ನನ್ನ ಪ್ರೋಗ್ರಾಮಿಗೆ ಗುರುವಾರದ ದಿನವನ್ನು ಕೊಟ್ಟೆ. ಕಾಗದದ ಮೇಲೆ ಬುಧವಾರ ಬಂತು, ಬುಧವಾರದ ತಾರೀಖಿನ ಸಮೇತ.

ಹೆಂಡತಿ ಸುಶೀಲಾ ಓದಿ ಹುಬ್ಬು ಗಂಟಿಕ್ಕಿದಳು. "ಅಪ್ಪ ಗುರುವಾರ ಅಂದಿದ್ರಲ್ಲರಿ?"

"ನಿಮ್ಮಪ್ಪಗ ಕಿವಿ ಮಂದ. ಭಟ್ಟರು ಹೇಳಿದ್ದು ಬ್ಯಾರೆ ಕೇಳಿಸಿರಬೇಕು. ಮಷೀನ್ ತಪ್ಪಂಗಿಲ್ಲ."

ಆಜರೆಯ ಬೀಗರಿಗೆ ದಿನ ತಿಳಿಯಬೇಕಾದದ್ದೇ ಆ ಆಮಂತ್ರಣದಿಂದ; ಅದು ಅಂಚೆಯಲ್ಲಿ ಹೋಯಿತು. ಇಂಗ್ಲಿಷ್ ಓದಲು ಬಾರದ ಮಾವ ತಮ್ಮ ಪ್ರತಿಗೆ ಕುಂಕುಮ ಹಚ್ಚಿ ದೇವರ ಮುಂದಿಟ್ಟರು.

ಬುಧವಾರ ನಾವಿಬ್ಬರೂ ಹೊಸ ಬಟ್ಟೆಯಲ್ಲಿ ಗಡಹಿಂಗ್ಲಜಕ್ಕೆ ಹೋದೆವು. ಹಳೆಯ ಸೀರೆಯುಟ್ಟ ಕಸ್ತೂರಿ ಸಗಣಿಯಿಂದ ಅಂಗಳ ಸಾರಿಸುತ್ತಿದ್ದಳು. "ನಾಳಿಗಿ ಅಲ್ಲೇನ ಅಕ್ಕಾ?" ಎಂದು ಅವಳು ಕೇಳುವಷ್ಟರಲ್ಲೇ ಬೀಗರ ಟೆಂಪೊ ಬಂದು ನಿಂತಿತು. ಮೊದಲು ಇಳಿದವನು ವರ.

ಕಸ್ತೂರಿ ಸಗಣಿಯ ಕೈಯಲ್ಲೇ ಒಳಗೆ ಓಡಿದಳು. ಹೊಲದಿಂದ ಬಂದ ಮಾವ ಕುಡುಗೋಲು ಹಿಡಿದು ಬಾಗಿಲಲ್ಲಿ ನಿಂತರು. ಈ ಸಂಬಂಧ ಮುರಿದರೆ ಅದಕ್ಕೆ ನಾನೊಬ್ಬನೇ ಕಾರಣ ಎಂದುಕೊಂಡೆ.

ವರನ ತಾಯಿ ಅಂಗಳ ನೋಡಿದರು, ನಮ್ಮ ಮುಖ ನೋಡಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು, "ಅಸೂ ದೇ, ಇರ್ಲಿ ಬಿಡ್ರಿ. ಬಂದೇವಿ, ಇರ್ತೇವಿ. ಹಿಟ್ಟು ಎಲ್ಲೈತಿ ತೋರಿಸ್ರಿ" ಎಂದು ನೇರ ಅಡುಗೆಮನೆಗೆ ನಡೆದರು. ಎರಡೂ ಮನೆಯವರು ಕಡಲೆಹಿಟ್ಟಿನ ಝುಣಕ, ರೊಟ್ಟಿ ತಿಂದರು. ಸಿಂಗಾರವಿಲ್ಲದೆ ಒಬ್ಬರನ್ನೊಬ್ಬರು ನೋಡುವ ಅವಕಾಶ ಬೀಗರಿಗೆ ಎಷ್ಟು ಸಲ ಸಿಗುತ್ತದೆ? ಮರುದಿನ ನಿಶ್ಚಿತಾರ್ಥ ಚೆನ್ನಾಗಿಯೇ ನಡೆಯಿತು.

ಅಷ್ಟರೊಳಗೆ ನನಗೆ ತಪ್ಪು ಹೊಳೆದಿತ್ತು. "ಮಾವಾರ, ನನ್ನ ಪ್ರೋಗ್ರಾಮು ಇಂಗ್ಲೆಂಡಿನ ವೇಳೆ ಹಿಡದೈತ್ರಿ. ನಮ್ಮಲ್ಲಿ ಗುರುವಾರ ಹುಟ್ಟಿದಾಗ ಅಲ್ಲಿನ್ನೂ ಬುಧವಾರ ಸಂಜಿ."

ಮಾವ ತಲೆಯಾಡಿಸಿದರು. "ಖರೇ ಅಳಿಯಾರ. ಆದ್ರ ಕಾರ್ಯ ಗಡಹಿಂಗ್ಲಜದಾಗ ಇತ್ತಲ್ಲ?"

ಮದುವೆಯ ಪತ್ರಿಕೆಗಳನ್ನು ಅವರು ಊರಿನ ಛಾಪಖಾನೆಯಲ್ಲೇ ಹಾಕಿಸಿದರು. ಅವುಗಳ ಮೂಲೆಗೆ ಅರಿಶಿನ ಹಚ್ಚುವ ಕೆಲಸ ನನಗೆ ಬಂತು. ಅದನ್ನು ಮಾಡಿ ಮುಗಿಸುವವರೆಗೂ ಸುಶೀಲಾ ಕಾವಲು ಕೂತವಳಂತೆ ನನ್ನ ಪಕ್ಕದಿಂದ ಏಳಲಿಲ್ಲ.