ಮೊರಬದ ರಸ್ತೆ ಉಬ್ಬಿಗೆ, ನಾಲ್ಕೂವರೆ ಇಂಚಿನ ಗಾಡಿಯವನ ಅರಿಕೆ

ಮೊರಬದ ಬಸ್ ಸ್ಟ್ಯಾಂಡಿನ ಮುಂದೆ ಹನ್ನೆರಡು ವರ್ಷಗಳಿಂದ ಅಡ್ಡಡ್ಡ ಮಲಗಿ, ಬಿಸಿಲು ಮಳೆಯೆನ್ನದೆ ಸಾರ್ವಜನಿಕರ ಸೊಂಟದ ಸೇವೆಯಲ್ಲಿ ನಿರತರಾಗಿರುವ ರಸ್ತೆ ಉಬ್ಬು ಅವರ ಸನ್ನಿಧಿಗೆ,

ಮಾನ್ಯರೇ,

ತಮ್ಮಿಂದ ಇನ್ನೂರು ಹೆಜ್ಜೆ ದೂರದಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿರುವ ಸಣ್ಣಪ್ಪನ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ಅಷ್ಟೇ ಅಲ್ಲ, ರಸ್ತೆ ರಿಪೇರಿಗೆ ಬಂದವರೆಲ್ಲ ಉಳಿದ ಡಾಂಬರನ್ನು ತಮ್ಮ ಮೇಲೆಯೇ ಸುರಿದು ಹೋಗುವುದರಿಂದ ವರ್ಷದಿಂದ ವರ್ಷಕ್ಕೆ ಮೈಕೈ ತುಂಬಿಕೊಳ್ಳುತ್ತಿರುವಿರೆಂದೂ ಬಲ್ಲೆ. ಕಣ್ಣು ಹಾಯುವಷ್ಟು ದೂರ ಸಪಾಟಾಗಿರುವ ಈ ಎರೆಭೂಮಿಯಲ್ಲಿ ಗುಡ್ಡ ನೋಡಬೇಕೆಂದರೆ ಮೊದಲು ನವಲಗುಂದಕ್ಕೆ ಹೋಗಬೇಕಾಗಿತ್ತು, ತಾವು ಬಂದ ಮೇಲೆ ಆ ಕೊರತೆಯೂ ನೀಗಿತು. ಇಷ್ಟು ಹೊಗಳಿದ ಮೇಲೆ ದೂರಿಗೆ ಬರುತ್ತೇನೆ.

ನನ್ನದೊಂದು ಸ್ಪೋರ್ಟ್ಸ್ ಕಾರಿರುವುದು ತಮಗೆ ಗೊತ್ತು, ಅದರ ಹೊಟ್ಟೆಯ ಬಣ್ಣ ಅರ್ಧಕ್ಕರ್ಧ ತಮ್ಮ ಮೈಮೇಲೆಯೇ ಇದೆ. ಎರಡೇ ಸೀಟಿನ, ಛತ್ತಿಲ್ಲದ, ನೆಲದಿಂದ ನಾಲ್ಕೂವರೆ ಇಂಚು ಮಾತ್ರ ಎತ್ತರವಿರುವ, ನನಗಿಂತ ಎರಡು ವರ್ಷ ಹಿರಿಯದಾದ ಕೆಂಪು ವಿಲಾಯತಿ ಗಾಡಿ. ಮದುವೆಯಾದ ಮರುವರ್ಷ ಹುಬ್ಬಳ್ಳಿಯ ಅರಳೆ ಗೋದಾಮೊಂದರಲ್ಲಿ ಪಾರಿವಾಳಗಳ ವಶದಲ್ಲಿದ್ದ ಅದನ್ನು ಕಂಡು ನನಗೆ ಅಗದಿ ಹುಚ್ಚೇ ಹಿಡಿಯಿತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತಂದೆವು. ಟ್ರ್ಯಾಕ್ಟರ್ ಹೊಡೆದವಳು ನನ್ನ ಹೆಂಡತಿ ಮಾದೇವಿ, ದುಮ್ಮವಾಡದ ತವರಿನಲ್ಲಿಯೇ ಅದನ್ನು ಕಲಿತು ಬಂದವಳು. ಹಿಂದೆ ಸತ್ತ ಗಾಡಿಯ ಸ್ಟೇರಿಂಗ್ ಹಿಡಿದು ದಾರಿಯುದ್ದಕ್ಕೂ ಅವಳ ಬೆನ್ನು ನೋಡುತ್ತ ಕುಳಿತವನು ನಾನು. ಗಾಡಿ ಶುರುವಾದ ದಿನ ಅವಳನ್ನು ಇದರಲ್ಲಿಯೇ ತವರಿಗೆ ಕರೆದೊಯ್ಯುತ್ತೇನೆಂದು ಅಂದೇ ಮಾತು ಕೊಟ್ಟೆ.

ಶುರುವಾಗಲು ಇಪ್ಪತ್ತೇಳು ವರ್ಷ ಹಿಡಿಯಿತು. ಹಳೆಯ ಗಾಡಿ ಸಾಕುವ ಆಸೆಯುಳ್ಳವರು ಯಾರಾದರೂ ತಮ್ಮನ್ನು ದಾಟಿ ಹೋದರೆ ನನ್ನ ಪರವಾಗಿ ನಾಲ್ಕು ಮಾತು ತಿಳಿಸಬೇಕು. ಫ್ಯಾನ್ ಬೆಲ್ಟ್ ಸಿಗದಿದ್ದರೆ ಗಾಬರಿಯಾಗಬಾರದು, ಗಿರಣಿಯ ಸಣ್ಣ ಮೋಟರಿನ ಬೆಲ್ಟ್ ಒಂದು ಸುಗ್ಗಿಯವರೆಗೆ ತಾಳುತ್ತದೆ. ಮಳೆ ಬಿದ್ದ ಮರುದಿನ ಎರೆಮಣ್ಣಿನ ದಾರಿಗೆ ಇಳಿಸಬಾರದು, ಗಾಲಿ ತಿರುಗಿಸುವುದಕ್ಕಿಂತ ಮಣ್ಣು ಕೆರೆಯುವುದರಲ್ಲಿಯೇ ದಿನ ಹೋಗುತ್ತದೆ. ಬಾನೆಟ್ ಎತ್ತಿ ನೋಡದೆ ಶುರು ಮಾಡಬಾರದು, ಬೆಚ್ಚಗಿರುವಲ್ಲಿ ಬೆಕ್ಕು ಮರಿ ಹಾಕಿರುತ್ತದೆ. ಇನ್ನು ಮಿಸ್ತ್ರಿಯ ಜೊತೆ ಮಾತ್ರ ಎಂದೂ ಜಗಳವಾಡಬಾರದು. ಅಣ್ಣಿಗೇರಿಯ ಇಮಾಮುದ್ದೀನನಂಥ ಮಿಸ್ತ್ರಿ, ಸಿಗದ ಸಾಮಾನನ್ನು ತಾನೇ ಲೇಥಿನ ಮೇಲೆ ಕಡೆದು ಕೊಡುವಂಥವನು, ಎಲ್ಲರಿಗೂ ಸಿಗುವುದಿಲ್ಲ.

ಅಂತೂ ಗಾಡಿ ಶುರುವಾಯಿತು, ಅದೇ ವಾರ ತಾವು ಅವತರಿಸಿದಿರಿ. ಮಾದೇವಿ ಹೊಸ ಇಳಕಲ್ ಸೀರೆ ಉಟ್ಟು, ತೊಡೆಯ ಮೇಲೆ ಬುತ್ತಿ ಇಟ್ಟುಕೊಂಡು, ರಾಣಿಯ ಹಾಗೆ ಬಾಜೂ ಸೀಟಿನಲ್ಲಿ ಕುಳಿತಿದ್ದಳು. ಇನ್ನೂರು ಹೆಜ್ಜೆ ಬಂದೆವು, ಗಾಡಿಯ ಹೊಟ್ಟೆ ತಮಗೆ ತಾಗಿ ಕರ್ರೆಂದಿತು. "ಒಂದೀಟು ಇಳಿ, ದಾಟಿಸಿ ಹತ್ತಿಸ್ಕೋತೀನಿ" ಎಂದೆ. ಬಸ್ ಸ್ಟ್ಯಾಂಡಿನ ಮಂದಿಯೆಲ್ಲ ಕಿಸಕ್ಕೆಂದರು. ಅಷ್ಟರಲ್ಲಿ ಹುಬ್ಬಳ್ಳಿ ಬಸ್ಸು ಬಂತು. ಇಳಿದವಳು ಬುತ್ತಿಯ ಸಮೇತ ಅದನ್ನೇ ಹತ್ತಿದಳು. "ಇಳಿ ಅನ್ನೂ ಗಾಡಿ ನಂಗ ಬ್ಯಾಡ. ಹತ್ತಿದ್ರ ದುಮ್ಮವಾಡದಾಗ ಇಳಿಯಾಕಿ ನಾ!" ಎಂದು ಕಿಟಕಿಯಿಂದ ಹೇಳಿದ ಮಾತನ್ನು ತಾವೂ ಕೇಳಿದ್ದೀರಿ.

ಅಂದಿನಿಂದ ಹನ್ನೆರಡು ವರ್ಷ ಅವಳು ಬಸ್ಸಿನಲ್ಲಿ, ನಾನು ಗಾಡಿಯಲ್ಲಿ. ಒಬ್ಬನೇ ಇದ್ದರೂ, ಓರೆಯಾಗಿ ಒಂದೊಂದೇ ಗಾಲಿ ಹತ್ತಿಸಿದರೂ ತಾವು ಕರ್ರೆನ್ನದೆ ಬಿಡಲಿಲ್ಲ. ತಮ್ಮನ್ನು ಕೆತ್ತಿ ತೆಗೆಸಬೇಕೆಂದು ನಾನು ಬರೆದ ಅರ್ಜಿಗಳು ಒಂದು ಚೀಲ ತುಂಬುತ್ತವೆ. ಅರ್ಜಿಯಲ್ಲಿ ವಾಹನದ ಹಾನಿ ಎಂದು ಬರೆಯುತ್ತಿದ್ದೆ, ನಿಜವಾಗಿ ಆ ಖಾಲಿ ಸೀಟು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ಇಂದು ಬೆಳಿಗ್ಗೆ ಮಾದೇವಿ ಎಂದಿನಂತೆ ಬುತ್ತಿ ಹಿಡಿದು ದುಮ್ಮವಾಡಕ್ಕೆಂದು ಬಸ್ಸು ಕಾಯುತ್ತಿದ್ದಳು. ಆಗಲೇ, ನಾನು ಕರೆಸಿದ್ದ ಇಮಾಮುದ್ದೀನ ತಮ್ಮ ಪಕ್ಕದಲ್ಲಿ ಕೆನ್ನೆಯನ್ನು ಡಾಂಬರಿಗೆ ಹಚ್ಚಿ ಮಲಗಿ, ನಾನು ದಾಟಿಸಹೋಗಿ ಕರ್ರೆನಿಸಿ ಹಿಂದೆ ಸರಿಸುವುದನ್ನು ಕೆಳಗಿನಿಂದ ನೋಡಿ, ಎದ್ದು ಮೈ ಕೊಡವಿ ತೀರ್ಪು ಕೊಟ್ಟ: "ಕಾಕಾ, ತಾಗೂ ಸೈಲೆನ್ಸರ್ ಕಾಕೂನ ಬುಡಕ ಇಲ್ರಿ, ನಿಮ್ಮ ಬುಡಕ ಐತಿ. ಇಳಿಯೂದಿದ್ರ ನೀವ ಇಳೀಬೇಕ್ರಿ." ಮಾದೇವಿ ನನ್ನನ್ನು ಕೈ ಹಿಡಿದು ಗಿರಣಿಗೆ ಎಳೆದೊಯ್ದು ಕಾಟಾದ ಮೇಲೆ ನಿಲ್ಲಿಸಿದಳು. ಅವಳು ನಲವತ್ತೆಂಟು ಕಿಲೋ, ನಾನು ತೊಂಬತ್ತೊಂದು. ಊರಿನ ಕಾಳನ್ನೆಲ್ಲ ತೂಗಿದವನು ನನ್ನನ್ನೊಮ್ಮೆ ತೂಗಿಕೊಂಡಿರಲಿಲ್ಲ, ಹನ್ನೆರಡು ವರ್ಷದ ಹಿಂದೆ ತಪ್ಪು ವ್ಯಕ್ತಿಯನ್ನು ಇಳಿಸಿದ್ದೆ.

ನಾಚಿಕೆಯಾಯಿತು, ಬಾಯಿಬಿಟ್ಟು ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕು, ಬುತ್ತಿಯನ್ನು ಬಾಜೂ ಸೀಟಿನಲ್ಲಿ ಇಟ್ಟು, ಸೆರಗು ಸಿಕ್ಕಿಸಿ, ಸ್ಟೇರಿಂಗ್ ಹಿಡಿದು ಕುಳಿತಳು. ಗಾಡಿ ತಮ್ಮನ್ನು ಮುಟ್ಟದೆ, ಸದ್ದಿಲ್ಲದೆ, ಬೆಣ್ಣೆಯ ಹಾಗೆ ದಾಟಿತು. ನಾನು ಚಪ್ಪಾಳೆ ತಟ್ಟಿ, ಹತ್ತಲು ಓಡಿದೆ. ಅವಳು ನಿಲ್ಲಿಸಲಿಲ್ಲ. ಹಿಂತಿರುಗಿ ನೋಡದೆ ಕೈಯೊಂದನ್ನು ಎತ್ತಿ ಆಡಿಸಿದಳು. ಎರಡನೆಯ ಗೇರು, ಮೂರನೆಯ ಗೇರು, ಆಮೇಲೆ ಟ್ರ್ಯಾಕ್ಟರ್ ಎಳೆದ ದಿನ ಕಂಡಂತೆ ಬರೀ ಅವಳ ಬೆನ್ನು.

ತಡವಾಗಿ ಬಂದ ಬಸ್ಸು ಹತ್ತಿ, ಹುಬ್ಬಳ್ಳಿಯಲ್ಲಿ ಬದಲಿಸಿ, ಕಲಘಟಗಿಯ ಕಡೆಯ ದುಮ್ಮವಾಡಕ್ಕೆ ಹೊರಟಿದ್ದೇನೆ. ಈಗಷ್ಟೇ ಫೋನ್ ಬಂತು. "ದುಮ್ಮವಾಡದಾಗ ಇಳದೆ ನೋಡ್ರಿ" ಎಂದಳು. ಅವಳ ದನಿ ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ ಕಂಡಕ್ಟರನಿಗೂ ಹೇಳಿಬಿಟ್ಟೆ.

ಆದ್ದರಿಂದ ಮಾನ್ಯರೇ, ತಮ್ಮ ಮೇಲಿನ ನನ್ನ ಎಲ್ಲ ಅರ್ಜಿಗಳನ್ನು ಹಿಂತೆಗೆದುಕೊಂಡಿದ್ದೇನೆ. ಬದಲಿಗೆ ಒಂದೇ ಬೇಡಿಕೆ: ಗಿರಣಿಗಾಗಿ ನಾನು ನಾಳೆಯೇ ಬಸ್ಸಿನಲ್ಲಿ ಮರಳುವವನು, ಎಂಟು ದಿನ ಬಿಟ್ಟು ಅವಳು ಮರಳುವಾಗ ತಾವು ಇನ್ನೆರಡು ಇಂಚು ಬೆಳೆದು ಗಾಡಿಯನ್ನು ತಡೆಯಬೇಕು. ಇಲ್ಲದಿದ್ದರೆ ನನಗೆ ಮತ್ತೆ ಹತ್ತುವ ಅವಕಾಶ ಸಿಗುವ ಲಕ್ಷಣಗಳಿಲ್ಲ.

ತಮ್ಮೆದುರು ಸದಾ ಮೊದಲ ಗೇರಿನಲ್ಲಿರುವ ವಿಶ್ವಾಸಿ,
ಗಿರಣಿ ಸಣ್ಣಪ್ಪ

ತಾ.ಕ.: ಅಕ್ಷರಗಳು ಸೊಟ್ಟಪಟ್ಟವಾಗಿದ್ದರೆ ಅದಕ್ಕೆ ದಾರಿಯುದ್ದಕ್ಕೂ ಮಲಗಿರುವ ತಮ್ಮ ಸಹೋದರರೇ ಕಾರಣ, ನನ್ನ ಸೊಂಟ ಎಣಿಸಿದಂತೆ ಇಲ್ಲಿಯವರೆಗೆ ಹದಿನೇಳು. ಒಂದಕ್ಕೂ ಹೊಟ್ಟೆ ತಾಗಲಿಲ್ಲವೆಂದು ಮಾದೇವಿ ತಿಳಿಸಿದ್ದಾಳೆ. ನನ್ನ ಹೊಟ್ಟೆ ಮಾತ್ರ ಬೆಳಗಿನಿಂದ ಖಾಲಿ, ಬುತ್ತಿ ಬಾಜೂ ಸೀಟಿನಲ್ಲಿ ಕುಳಿತು ಹೋಯಿತು.