ಮೆಣಸಿನಕಾಯಿ ಚೀಲದಲ್ಲಿ ಒಂದು ಟಿವಿ ಚಾನಲ್ಲು

ನನ್ನನ್ನು ಈವರೆಗೆ ಯಾರೂ ಮೋಸಗೊಳಿಸಿಲ್ಲ. ಜಂಬದಿಂದ ಹೇಳುತ್ತಿಲ್ಲ, ಇದ್ದ ಸಂಗತಿ ಹೇಳುತ್ತಿದ್ದೇನೆ. ಕಾರಣ ಇಷ್ಟೇ, ನಾನು ಯಾರನ್ನೂ ನಂಬುವುದಿಲ್ಲ! ಗ್ಯಾಸ್ ಸಿಲಿಂಡರನ್ನು ತೂಗಿಸದೆ ಒಳಗೆ ಬಿಡುವುದಿಲ್ಲ. ಮದುವೆಯ ಕರೆಯೋಲೆ ಬಂದರೂ ಹಿಂದೆ ಮುಂದೆ ತಿರುಗಿಸಿ ನೋಡುತ್ತೇನೆ. ಬ್ಯಾಡಗಿಯ ನನ್ನ ಎಲೆಕ್ಟ್ರಿಕಲ್ ಅಂಗಡಿಗೆ ಯಾರಾದರೂ ಬಂದು "ಒಂದ್ ಬಲ್ಬ್ ಕೊಡ್ರಿ" ಅಂದರೆ, "ಯಾಕ?" ಎಂದು ಕೇಳಿದ ಮೇಲೆಯೇ ಕೊಡುತ್ತೇನೆ.

ಇಂಥ ನನ್ನ ಮುಂದೆ ನನ್ನ ಹೆಂಡತಿ ಗಿರಿಜಾ ಒಂದು ಬೆಳಿಗ್ಗೆ ಮೊಬೈಲ್ ಹಿಡಿದು ನಿಂತಳು.

"ರೀ, ಇಲ್ನೋಡ್ರಿ! ನಾ ಟಿವಿಯಾಗ ಬಂದಿದ್ನೆಲ್ಲಾ, ಆ ಚಾನಲ್ ಶುರುವಾದಾಗಿನ ಕಾರ್ಯಕ್ರಮ ಎಲ್ಲಾ ಒಂದ್ ವೆಬ್‌ಸೈಟಿನ್ಯಾಗ ಕೂಡಿಸಿ ಇಡಾಕತ್ತಾರ. ಚಾನಲ್ಲಿನವರಲ್ಲ, ನೋಡೋ ಮಂದೀನ ಮಾಡ್ಯಾರ. ಅಡಗಿ ಕಾರ್ಯಕ್ರಮದಾಗ ಎಲ್ಲಾ ಊರಿಂದೂ ಸಿಕ್ಕಾವಂತ, ನಮ್ಮ ಬ್ಯಾಡಗೀದೊಂದ ಸಿಕ್ಕಿಲ್ಲಂತ. ಯಾರ ಹತ್ರರ ಕ್ಯಾಸೆಟ್ ಇದ್ರ ತಿಳಸ್ರಿ ಅಂತ ಬರದಾರ!"

ಅವಳ ಕಣ್ಣು ಹೊಳೆಯುತ್ತಿತ್ತು. ಅದಕ್ಕೆ ಕಾರಣವಿದೆ. ನಮ್ಮ ಮದುವೆಯಾದ ಹೊಸದರಲ್ಲಿ ಆ ಅಡುಗೆ ಕಾರ್ಯಕ್ರಮದವರು ಬ್ಯಾಡಗಿಗೆ ಬಂದು, ಕೆಂಪು ಹಣ್ಣು ಮೆಣಸಿನಕಾಯಿಯ ರಂಜಕವೆಂಬ ಚಟ್ನಿಯನ್ನು ಇವಳ ಕೈಯಿಂದ ಮಾಡಿಸಿ ಚಿತ್ರೀಕರಿಸಿದ್ದರು. ಪೂರಾ ಐದು ನಿಮಿಷ! ಅದು ಪ್ರಸಾರವಾದದ್ದು ಯುಗಾದಿಯ ಮಧ್ಯಾಹ್ನ. ಇವಳು ಹಬ್ಬಕ್ಕೆಂದು ತವರಾದ ಅಗಡಿಗೆ ಹೋಗಿದ್ದಳು. ಅಲ್ಲಿ ಸರಿಯಾಗಿ ಆ ಹೊತ್ತಿಗೇ ಕರೆಂಟು ಹೋಯಿತು. ಮರುದಿನ ಬಂದವಳೇ ಚೀಲ ಇಳಿಸುವ ಮೊದಲೇ ಕೇಳಿದಳು, "ನೀವು ನೋಡಿದ್ರೇನು? ಹೆಂಗ ಬಂದಿತ್ತು?"

"ಭಾಳ ಛಲೋ ಬಂದಿತ್ತು," ಅಂದೆ.

ಖರೇ ಹೇಳಬೇಕೆಂದರೆ ನಾನು ನೋಡಿರಲೇ ಇಲ್ಲ. ಆಗ ಊರಿಗೆ ಕೇಬಲ್ ಕೊಡುತ್ತಿದ್ದವನು ನಾನು. ಸಣ್ಣ ಮನುಷ್ಯನೇನಲ್ಲ! ಹಬ್ಬ ಬಂದರೆ ನನ್ನ ಫೋಟೋ ಸಮೇತ ಇಡೀ ಊರಿಗೆ ಶುಭಾಶಯ ಕೋರುತ್ತಿದ್ದೆ. ಆ ಮಧ್ಯಾಹ್ನ ಸ್ಟೇಷನ್ ಹತ್ತಿರ ತಂತಿ ಹರಿದಿತ್ತು. ಇವಳು ಟಿವಿಯಲ್ಲಿ ರಂಜಕ ರುಬ್ಬುವಾಗ ನಾನು ಕಂಬದ ಮೇಲಿದ್ದೆ. ಹೊಸ ಹೆಂಡತಿಗೆ ಈ ಸಂಗತಿ ಹೇಳಲಾಗುತ್ತದೆಯೇ? ಹೋಳಿಗೆ ಉಂಡು ಊರೆಲ್ಲ ಮಲಗಿತ್ತು. ಎಚ್ಚರವಿದ್ದು ಕಾರ್ಯಕ್ರಮ ನೋಡಿದವಳು ಪಕ್ಕದ ಮನೆಯ ನೀಲಕ್ಕ ಒಬ್ಬಳೇ. ಆಕೆಯೋ, "ಗಿರಿಜವ್ವಾ, ಟಿವಿಯಾಗ ನಿನ್ನ ಗಂಡ ಭಾಳ ಚಂದ ಕಂಡ" ಎಂದು ಹೇಳಿ ಗೊಂದಲ ಎಬ್ಬಿಸಿದಳು. "ಆಕೀಗೆ ಚಾಳೀಸು ಬಂದೈತಿ, ಏನ್ ಕಾಣತೈತಿ?" ಎಂದು ನಾನು ಅದನ್ನು ಮುಗಿಸಿದೆ.

ಕ್ಯಾಸೆಟ್ಟು ಇತ್ತು. ಕರೆಂಟು ಹೋದಾಗ ಜನರಿಗೆ ತಪ್ಪಿದ ಕಾರ್ಯಕ್ರಮವನ್ನು ಮರುದಿನ ಮತ್ತೆ ತೋರಿಸಬೇಕೆಂದು ನಾನು ಎಲ್ಲವನ್ನೂ ರೆಕಾರ್ಡ್ ಮಾಡಿಡುತ್ತಿದ್ದೆ. ಆದರೆ ಆ ದಿನವೇ ಸಂಜೆ ಸಿಡಿಲು ಬಡಿದು ನನ್ನ ಯಂತ್ರಗಳೆಲ್ಲ ಸುಟ್ಟವು. ಕ್ಯಾಸೆಟ್ಟುಗಳು ಅಟ್ಟ ಸೇರಿದವು. "ಇವತ್ತ ತೋರಸ್ತೇನಿ, ನಾಳೆ ತೋರಸ್ತೇನಿ" ಎನ್ನುತ್ತಾ ನಾನು ಇಷ್ಟು ವರ್ಷ ಕಳೆದೆ. ಟಿವಿಯಲ್ಲಿ ಬಂದ ತನ್ನನ್ನು ತಾನೇ ಒಮ್ಮೆಯೂ ನೋಡದೆ ಗಿರಿಜಾ ಈಗ ಕೂದಲು ನರೆತ ಹೆಂಗಸಾಗಿದ್ದಾಳೆ.

"ಅಟ್ಟದ ಮ್ಯಾಲಿನ ಕ್ಯಾಸೆಟ್ ಅವರಿಗೆ ಕೊಡೂಣು," ಅಂದಳು.

"ಕೊಟ್ರ ಅವರಿಗೇನ್ ಬರತೈತಿ?" ಎಂದು ಕೇಳಿದೆ.

"ಏನೂ ಬರೂದಿಲ್ಲಂತ. ಪ್ರೀತೀಲೆ ಮಾಡ್ತಾರಂತ."

ಪ್ರೀತೀಲೆ! ಆ ಶಬ್ದ ಕೇಳಿದ ಕೂಡಲೇ ನನ್ನ ಕಿವಿ ನಿಮಿರಿತು. ಏನೂ ಬಾರದ ಕೆಲಸವನ್ನು ಈ ಕಾಲದಲ್ಲಿ ಯಾರು ಮಾಡುತ್ತಾರೆ? ಅಂಗಡಿಯಲ್ಲಿ ಕೂತು ಮಧ್ಯಾಹ್ನದವರೆಗೆ ಆಳವಾಗಿ ವಿಚಾರ ಮಾಡಿ ನಾನು ಸತ್ಯವನ್ನು ಕಂಡುಹಿಡಿದೆ. ಇದು ಚಾನಲ್ಲಿನವರದೇ ಬಲೆ! "ನಮ್ಮ ಕಾರ್ಯಕ್ರಮವನ್ನು ಯಾರನ್ನು ಕೇಳಿ ರೆಕಾರ್ಡ್ ಮಾಡಿ ಊರಿಗೆ ತೋರಿಸಿದಿರಿ?" ಎಂದು ಹಳೆಯ ಕೇಬಲ್‌ನವರನ್ನು ಒಬ್ಬೊಬ್ಬರಾಗಿ ಹಿಡಿಯುವ ಯೋಜನೆ. ಸಾಕ್ಷಿಯನ್ನು ಕಳ್ಳನೇ ತಂದು ಒಪ್ಪಿಸಬೇಕು, ಅದೂ ಪ್ರೀತಿಯಿಂದ!

ಅಷ್ಟರಲ್ಲಿ ಫೋನು ಬಂತು. "ಸರ್ರ, ನಾ ರಾಣೆಬೆನ್ನೂರಿಂದ ಭಾರತಿ ಅಂತ, ವೆಬ್‌ಸೈಟಿನವರು. ನಿಮ್ಮ ಮನಿಯವರು ನಂಬರ್ ಕೊಟ್ಟಿದ್ರು. ನಿಮ್ಮ ಹತ್ರ ಎಷ್ಟ್ ಕ್ಯಾಸೆಟ್ ಅದಾವ್ರಿ? ನಾನ ಮನಿಗೆ ಬರ್ಲೇನ್ರಿ?"

"ರಾಂಗ್ ನಂಬರ್!" ಎಂದು ಇಟ್ಟುಬಿಟ್ಟೆ.

ಮನೆಗೆ ಬರುತ್ತಾರಂತೆ! ಅಂದರೆ ರೇಡು! ಗಿರಿಜಾ ಸಂತೆಗೆ ಹೋದ ಸಮಯ ನೋಡಿ ಅಟ್ಟ ಹತ್ತಿ, ಮೂವತ್ತು ಕ್ಯಾಸೆಟ್ಟುಗಳನ್ನು ಒಂದು ಗೋಣಿಚೀಲಕ್ಕೆ ತುಂಬಿದೆ. ಮೇಲೆ ಯಾರಿಗೂ ಸಂಶಯ ಬಾರದಿರಲೆಂದು, ಅವಳು ಖಾರದ ಪುಡಿಗಾಗಿ ಒಂದೊಂದೇ ಆರಿಸಿ ಇಟ್ಟಿದ್ದ ಕಡುಗೆಂಪು ಡಬ್ಬಿ ತಳಿಯ ಮೆಣಸಿನಕಾಯಿಯನ್ನು ದಪ್ಪಗೆ ಹರಡಿ ಬಾಯಿ ಹೊಲಿದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲವನ್ನು ಯಾರು ಗುರುತಿಸುತ್ತಾರೆ? ಕೋಲ್ಡ್ ಸ್ಟೋರೇಜಿನಲ್ಲಿ ಕ್ಲರ್ಕ್ ಆಗಿರುವ ನನ್ನ ಬಾಲ್ಯದ ಗೆಳೆಯ ಮಕ್ಬೂಲನ ಬಳಿಗೆ ಒಯ್ದೆ.

"ಏನೈತಿ ಬಸ್ಯಾ ಇದರಾಗ?" ಅಂದ.

"ಮೆಣಸಿನಕಾಯಿ."

"ಒಂದ ಚೀಲ? ಯಾರ ಹೆಸರಿಗೆ ಬರೀಲಿ?"

ಬಾಲ್ಯದ ಗೆಳೆಯನೇ ಇರಬಹುದು. ಆದರೂ ಚಾನಲ್ಲಿನವರು ಕೇಳಿದರೆ ಬಾಯಿ ಬಿಡುವುದಿಲ್ಲವೆಂದು ಏನು ಖಾತ್ರಿ? "ಹೆಸರ್ ಬ್ಯಾಡ. ಸುಮ್ನ ಒಂದ್ ಮೂಲ್ಯಾಗ ಇಡು," ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಚೀಲವನ್ನು ಒಳಗೆ ಹಾಕಿಸಿದ.

ಮರುದಿನ ಶತ್ರುವಿನ ಪಾಳೆಯವನ್ನು ಪರೀಕ್ಷಿಸಲು ರಾಣೆಬೆನ್ನೂರಿಗೆ ಹೊರಟೆ. ಆ ಭಾರತಿ ಒಂದು ಬೀಜದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆಂದು ಗಿರಿಜಾಳ ಮಾತಿನಿಂದ ತಿಳಿದಿತ್ತು. ಗುರುತು ಸಿಗದಿರಲೆಂದು ತಲೆಗೆ ಟೊಪ್ಪಿಗೆ, ಬಾಯಿಗೆ ಮಾಸ್ಕು, ಕಣ್ಣಿಗೆ ನನ್ನ ಹಳೆಯ ಕಪ್ಪು ಗಾಗಲ್ಲು. ಕನ್ನಡಿಯಲ್ಲಿ ನೋಡಿಕೊಂಡರೆ ನನಗೇ ನನ್ನ ಮೇಲೆ ಸಂಶಯ ಬಂತು!

ಅಂಗಡಿಯಲ್ಲಿ ಮೂವತ್ತೈದರ ಆಸುಪಾಸಿನ ಹೆಂಗಸು ಬೀಜದ ಪೊಟ್ಟಣ ಜೋಡಿಸುತ್ತಿದ್ದಳು.

"ಸೌತಿಬೀಜ ಕೊಡ್ರಿ," ಎಂದೆ. ನಮಗೆ ಹೊಲವಿಲ್ಲ, ಹಿತ್ತಲೂ ಇಲ್ಲ. ಕೊಟ್ಟಳು. "ಹೀರಿ ಬೀಜ?" ಅದನ್ನೂ ಕೊಟ್ಟಳು. ಬದನೆ, ಟೊಮೆಟೊ ದಾಟಿ ಕುಂಬಳದ ತನಕ ಬಂದ ಮೇಲೆ ಸಹಜವಾಗಿ ಕೇಳಿದೆ, "ಅಲ್ರಿ, ಈ ಹಳೇ ಟಿವಿ ಕಾರ್ಯಕ್ರಮ ಕೂಡಸ್ತಾರಂತಲ್ಲ, ಅದರ ಹಿಂದ ಯಾರದಾರ?"

"ಯಾರಿಲ್ರೀ, ನಾವ ನಾಕ್ ಮಂದಿ," ಎಂದಳು. "ಚಾನಲ್ಲಿನವರು ಹಳೇವನ್ನೆಲ್ಲಾ ಕಳಕೊಂಡಾರ. ಮಂದಿ ಮನ್ಯಾಗ ಮೂಲಿಗೆ ಬಿದ್ದದ್ದು ಸಿಕ್ರ ಸಿಕ್ತು, ಇಲ್ಲಾಂದ್ರ ಹೋತು. ಹ್ವಾದ ತಿಂಗಳ ಒಂದ್ ಹಾಡಿನ ಸ್ಪರ್ಧೆ ವೆಬ್‌ಸೈಟಿಗೆ ಹಾಕಿದ್ವಿ. ಒಬ್ರು ಫೋನ್ ಮಾಡಿ, 'ಪ್ರೇಕ್ಷಕರಾಗ ಹಿಂದಿನ ಸಾಲಿನ್ಯಾಗ ಚಪ್ಪಾಳಿ ಹೊಡಿಯವರು ನಮ್ಮಪ್ಪಾರಿ, ತೀರಿಕೊಂಡು ಭಾಳ ವರ್ಷ ಆತು' ಅಂತ ಅತ್ರು. ಎರಡ ಸೆಕೆಂಡ್ ಕಂಡಿದ್ರು ನೋಡ್ರಿ." ಆಮೇಲೆ ಪೊಟ್ಟಣಗಳನ್ನು ಕೈಚೀಲಕ್ಕೆ ಹಾಕುತ್ತಾ ಕೇಳಿದಳು, "ಸರ್ರ, ಕ್ಯಾಸೆಟ್ ತಂದೀರೇನ್ರಿ?"

"ಯಾವ ಕ್ಯಾಸೆಟ್? ನಾ ಯಾರಂತ ತಿಳಕೊಂಡೀರಿ?"

"ಬಸವರಾಜ ಸರ್ ಅಲ್ರಿ? ನಿಮ್ಮ ಮನಿಯವರು ಮುಂಜಾನೇನ ಫೋನ್ ಮಾಡಿದ್ರು. 'ಕರೇ ಗಾಗಲ್ ಹಾಕ್ಕೊಂಡು ಬರಾಕತ್ತಾರ, ಏನ್ ಕೇಳಿದ್ರೂ ಕೊಡ್ರಿ, ಬೈಬ್ಯಾಡ್ರಿ' ಅಂದ್ರು."

ಮಾಸ್ಕಿನ ಒಳಗೆ ನನ್ನ ಮುಖ ಡಬ್ಬಿ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತು. ಆದರೆ ಅದಕ್ಕಿಂತ ಹೆಚ್ಚಾಗಿ ಆ ಎರಡು ಸೆಕೆಂಡಿನ ಅಪ್ಪ ಬಸ್ಸಿನುದ್ದಕ್ಕೂ ನನ್ನನ್ನು ಕಾಡಿದ. ಸತ್ತವನನ್ನು ಮಗ ಎರಡು ಸೆಕೆಂಡು ನೋಡಿದ. ನನ್ನ ಹೆಂಡತಿ ಬದುಕಿದ್ದೂ ತನ್ನ ಐದು ನಿಮಿಷವನ್ನು ನೋಡಿಲ್ಲ. ಬಸ್ ಇಳಿದವನು ನೇರವಾಗಿ ಕೋಲ್ಡ್ ಸ್ಟೋರೇಜಿಗೆ ಹೋದೆ.

ಮೂಲೆ ಖಾಲಿ!

"ನಾ ಮುಂಜಾನೆ ಇರ್ಲಿಲ್ಲ ದೋಸ್ತ," ಎಂದ ಮಕ್ಬೂಲ್. "ಒಂದ್ ದಲಾಲಿ ಅಂಗಡಿ ಚೀಲ ಮಾರ್ಕೆಟ್ಟಿಗೆ ಹ್ವಾದ್ವು. ಹೆಸರಿಲ್ಲದ ಚೀಲ, ಹಮಾಲರು ಅವರದ ಅಂತ ತಿಳಕೊಂಡು ಜೋಡಿ ಹೇರ್ಯಾರ. ಯಾಕ ಹಿಂಗ ಬೆವರಾಕತ್ತೀ? ಒಂದ್ ಚೀಲ ಮೆಣಸಿನಕಾಯಿ ಅಲ್ಲೇನು?"

"ಅದರಾಗ ಗಿರಿಜಾ ಅದಾಳೋ!" ಎಂದೆ.

ಮಕ್ಬೂಲ್ ಕುರ್ಚಿ ಹಿಡಿದುಕೊಂಡ. ಪಾಪ, ಅವನಿಗೆ ಕ್ಯಾಸೆಟ್ಟಿನ ಸಂಗತಿ ಗೊತ್ತಿರಲಿಲ್ಲ. ಬಿಡಿಸಿ ಹೇಳಿದ ಮೇಲೆ ಅವನಿಗೆ ಜೀವ ಬಂತು; ಬಂದ ಜೀವದಿಂದ ನನ್ನನ್ನು ಎರಡು ಭಾಷೆಯಲ್ಲಿ ಬೈದ. ಕನ್ನಡದಲ್ಲಿ ಬೈದದ್ದು ಅರ್ಥವಾಯಿತು. ಉರ್ದುವಿನಲ್ಲಿ ಬೈದದ್ದು ಇನ್ನೂ ಚೆನ್ನಾಗಿ ಅರ್ಥವಾಯಿತು.

ಮಾರ್ಕೆಟ್ ಯಾರ್ಡಿಗೆ ಓಡಿದೆವು. ಟೆಂಡರ್ ಮುಗಿಯುತ್ತ ಬಂದಿತ್ತು. ಕಣ್ಣು ಹಾಯುವ ತನಕ ಚೀಲ, ಎಲ್ಲವೂ ಕೆಂಪು, ಎಲ್ಲವೂ ಒಂದೇ ನಮೂನೆ. ನಾನು ಒಂದೊಂದೇ ಚೀಲವನ್ನು ಬೆರಳಿನಿಂದ ಒತ್ತಿ, ಕಿವಿ ಇಟ್ಟು ಅಲುಗಾಡಿಸಿ ನೋಡತೊಡಗಿದೆ. ಒತ್ತಿದಾಗೊಮ್ಮೆ ಘಾಟು, ಘಾಟಿಗೊಮ್ಮೆ ಸೀನು. ಹತ್ತು ಚೀಲಕ್ಕೆ ನಲವತ್ತು ಸೀನು! ವ್ಯಾಪಾರಿಗಳು ಸುತ್ತ ಕೂಡಿದರು. "ಯಾರಿಂವ? ಚೀಲಕ್ಕ ಕಿವಿ ಯಾಕ ಹಚ್ಚತಾನ? ಕಳ್ಳನ ಹಂಗ ಕಾಣತಾನ ನೋಡ್ರಿ," ಎಂದ ಒಬ್ಬ. ಗಾಗಲ್ಲು ಇನ್ನೂ ನನ್ನ ಕಣ್ಣ ಮೇಲೆಯೇ ಇತ್ತು. ಜೀವನದಲ್ಲಿ ಮೊದಲ ಸಲ ಎಲ್ಲರೂ ನನ್ನನ್ನು ಸಂಶಯದಿಂದ ನೋಡುತ್ತಿದ್ದರು.

ಕೊನೆಗೆ ಒಬ್ಬ ಹಮಾಲ, "ಒಂದ್ ಚೀಲ ಬೆನ್ನಿಗೆ ಭಾಳ ಚುಚ್ಚಿತ್ರೀ," ಎಂದು ಕರೆದುಕೊಂಡು ಹೋಗಿ ತೋರಿಸಿದ. ಅದೇ! ಬಾಯಿ ಬಿಚ್ಚಿತ್ತು, ಮೇಲೆ ಗಿರಿಜಾ ಆರಿಸಿದ ಕಾಯಿ ಮಿಂಚುತ್ತಿತ್ತು, ಟೆಂಡರಿನ ದರದ ಚೀಟಿಯೂ ಬಿದ್ದಿತ್ತು. ಮಕ್ಬೂಲ್ ಓದಿ ತಲೆಗೆ ಕೈಹಚ್ಚಿದ. "ಮಗನ, ಇವತ್ತ ಇಡೀ ಬ್ಯಾಡಗ್ಯಾಗ ಎಲ್ಲಾರಕಿಂತ ಜಾಸ್ತಿ ರೇಟ್ ನಿನ್ನ ಕ್ಯಾಸೆಟ್ಟಿಗೆ ಬಿದ್ದೈತಿ!" ಕೊಂಡವನ ಮುಂದೆ ಚೀಲವನ್ನು ಸುರಿದು ತೋರಿಸಿದೆವು. ಅವನು ಕ್ಯಾಸೆಟ್ಟು ಬೇಡವೆಂದ. ಮೆಣಸಿನಕಾಯಿ ಮಾತ್ರ ಕೊಡಿರೆಂದ. ನಾಚಿಕೆಗೆ ಅದನ್ನೂ ಕೊಟ್ಟು ಬಂದೆ.

ಭಾನುವಾರ ಭಾರತಿ ತನ್ನ ಯಂತ್ರದೊಂದಿಗೆ ನಮ್ಮ ಮನೆಗೆ ಬಂದಳು. ಕ್ಯಾಸೆಟ್ಟುಗಳನ್ನು ಸೀನುತ್ತಲೇ ಒರೆಸಿ, ಪ್ರತಿಯೊಂದಕ್ಕೂ ಬೀಜದ ಪೊಟ್ಟಣಕ್ಕೆ ಹಚ್ಚುವ ಹಾಗೆ ಲಾಟ್ ನಂಬರ್ ಹಚ್ಚಿದಳು. ಗಿರಿಜಾ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಟಿವಿಯ ಮುಂದೆ ಕೂತಿದ್ದಳು. ನೀಲಕ್ಕನೂ ಬಂದಳು. ಹನ್ನೊಂದನೆಯ ಕ್ಯಾಸೆಟ್ಟಿನಲ್ಲಿ ಕಾರ್ಯಕ್ರಮ ಸಿಕ್ಕಿತು. ಬ್ಯಾಡಗಿ ಸ್ಟೇಷನ್ ಕಂಡಿತು, ಮೆಣಸಿನಕಾಯಿ ರಾಶಿ ಕಂಡಿತು. ನಿರೂಪಕಿ, "ಬನ್ನಿ, ಗಿರಿಜಾ ಅವರ ಅಡುಗೆಮನೆಗೆ ಹೋಗೋಣ" ಎಂದಳು. ಗಿರಿಜಾ ನನ್ನ ಕೈ ಹಿಡಿದಳು.

ತೆರೆಯ ಮೇಲೆ ನಾನು ಬಂದೆ!

ಪೂರ್ತಿ ತೆರೆ ತುಂಬ ನಾನು! ಮೀಸೆ, ಅದೇ ಕಪ್ಪು ಗಾಗಲ್ಲು, ಕೈಯಲ್ಲಿ ಫೋಟೋ ಸ್ಟುಡಿಯೋದವನ ಫೋನು. ಕೆಳಗೆ, "ಸಮಸ್ತ ನಾಗರಿಕರಿಗೆ ಯುಗಾದಿಯ ಶುಭಾಶಯಗಳು." ಆ ಶುಭಾಶಯವನ್ನು ಎರಡು ನಿಮಿಷವೆಂದು ಚಾನಲ್ಲಿನ ಮೇಲೆ ಹಚ್ಚಿ, ತಂತಿ ಹರಿದ ಸುದ್ದಿ ಬಂದದ್ದೇ ಆರಿಸದೆ ಓಡಿ ಕಂಬ ಹತ್ತಿದ್ದೆ. ಊರಿಗೆ ಹೋಗುತ್ತಿದ್ದ ಚಿತ್ರವೇ ಕ್ಯಾಸೆಟ್ಟಿಗೂ ಹೋಗಿತ್ತು. ಧ್ವನಿ ಮಾತ್ರ ಹಿಂದಿನಿಂದ ಸ್ಪಷ್ಟವಾಗಿ ಬರುತ್ತಿತ್ತು, ಇಪ್ಪತ್ತರ ಹುಡುಗಿಯ ತೆಳ್ಳಗಿನ ಧ್ವನಿ.

"ರಂಜಕ ಸರಿಯಾಗಿದೆಯಾ ಅಂತ ಮೊದಲು ಯಾರಿಗೆ ರುಚಿ ತೋರಿಸ್ತೀರಿ?" ಎಂದಳು ನಿರೂಪಕಿ.

"ನಮ್ಮ ಮನಿಯವರಿಗೆ," ಎಂದಿತು ಆ ಧ್ವನಿ. "ಅವರು ಸುಳ್ಳ ಹೇಳೂದಿಲ್ರಿ. ಅವರು ಛಲೋ ಆಗೈತಿ ಅಂದ್ರ ನನಗ ನಂಬಿಗಿ."

ತೆರೆಯ ಮೇಲೆ ನಾನು ಹಲ್ಲು ಕಿರಿಯುತ್ತಲೇ ಇದ್ದೆ.

"ನಾ ಹೇಳಿದ್ನಿಲ್ಲೋ!" ಎಂದಳು ನೀಲಕ್ಕ. "ನನಗ ಚಾಳೀಸಂತ, ಚಾಳೀಸು!"

ಗಿರಿಜಾ ಕೈ ಬಿಟ್ಟಳು. "ಭಾಳ ಛಲೋ ಬಂದಿತ್ತು ಅಂದಿದ್ರಿ. ಯಾರು, ನೀವ?" ಎಂದಷ್ಟೇ ಕೇಳಿದಳು. ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಸಿಟ್ಟಾಗಲಿಲ್ಲ. ಭಾರತಿಗೆ ಹೇಳಿ ಮತ್ತೊಮ್ಮೆ ಹಾಕಿಸಿ, ಕಣ್ಣು ಮುಚ್ಚಿಕೊಂಡು ಪೂರಾ ಐದು ನಿಮಿಷ ಕೇಳಿದಳು. "ಕಣ್ ಯಾಕ ಮುಚ್ಚೀಯವ್ವಾ?" ಎಂದು ನೀಲಕ್ಕ ಕೇಳಿದರೆ, "ತೆರದ್ರ ಇವರು ಕಾಣಸ್ತಾರ," ಎಂದಳು. ನನಗೆ ನೆಲ ಬಿರಿದು ಒಳಗೆ ಸೇರಿಕೊಳ್ಳಬೇಕೆನ್ನಿಸಿತು.

ಈಗ ಆ ಸಂಚಿಕೆ ವೆಬ್‌ಸೈಟಿನಲ್ಲಿದೆ. ಯಾರು ಬೇಕಾದರೂ ನೋಡಬಹುದು. ಕೆಳಗೆ ಭಾರತಿ ವಿವರ ಬರೆದಿದ್ದಾಳೆ: "ಧ್ವನಿ: ಗಿರಿಜಾ. ಚಿತ್ರ: ಸಿಕ್ಕಿಲ್ಲ. ಅಡ್ಡ ಬಂದವರು: ಕೇಬಲ್ ಆಪರೇಟರ್." ಬೇರೆ ಊರಿನ ಕೇಬಲ್‌ನವರು ಯಾರಾದರೂ ರೆಕಾರ್ಡ್ ಮಾಡಿದ್ದರೆ ಗಿರಿಜಾ ಇನ್ನೂ ಸಿಗಬಹುದಂತೆ. ಅದಕ್ಕೇ ನಾನು ಅಂಗಡಿಯಲ್ಲಿ ಕೂತು ಜಿಲ್ಲೆಯ ಹಳೆಯ ಆಪರೇಟರ್‌ಗಳಿಗೆಲ್ಲ ಫೋನು ಮಾಡುತ್ತಿದ್ದೇನೆ. "ನಿಮ್ಮ ಹತ್ರ ಹಳೇ ಕ್ಯಾಸೆಟ್ ಅದಾವೇನ್ರಿ? ನಾನ ಮನಿಗೆ ಬಂದು ಒಯ್ತೇನಿ. ಏನಿಲ್ರೀ, ಪ್ರೀತೀಲೆ..." ಎನ್ನುವಷ್ಟರಲ್ಲಿ ಎಲ್ಲರೂ ಒಂದೇ ಮಾತು ಹೇಳಿ ಫೋನು ಇಡುತ್ತಾರೆ.

"ರಾಂಗ್ ನಂಬರ್!"

ನಿನ್ನೆ ಮಾತ್ರ ಹಾವೇರಿಯ ಕಡೆಯಿಂದ ಬಂದವನೊಬ್ಬ ಅಂಗಡಿಯ ಮುಂದೆ ನಿಂತ. ತಲೆಗೆ ಟೊಪ್ಪಿಗೆ, ಬಾಯಿಗೆ ಮಾಸ್ಕು, ಕಣ್ಣಿಗೆ ಕಪ್ಪು ಗಾಗಲ್ಲು. ಅತ್ತ ಇತ್ತ ನೋಡಿ, "ಒಂದ್ ಬಲ್ಬ್ ಕೊಡ್ರಿ," ಎಂದ.

ನಾನು "ಯಾಕ?" ಎಂದು ಕೇಳಲಿಲ್ಲ. ಕುರ್ಚಿ ಹಾಕಿ, "ಬರ್ರಿ, ಕುಂದ್ರಿ," ಎಂದೆ.